ಡಬ್ಬಿಯೊಳಗೆ ಡಬ್ಬಿ: ವೆಬ್ ಪುಟದ ಲೇಔಟ್ ಕೆಟ್ಟರೆ ಎಲ್ಲಿಂದ ಬಿಚ್ಚಬೇಕು?

"ಏನ್ರೀ ಇದು, ಮೊಬೈಲ್‌ನಾಗೆ ಅಕ್ಷರ ಎಲ್ಲಾ ಒಂದರ ಕೆಳಗೆ ಒಂದು ಬಿದ್ದವೆ. ಊಟದ ಹಾಲ್ ಎಷ್ಟು ದೊಡ್ಡದೈತೆ ಅಂತ ಓದಾಕೇ ಬರ್ತಿಲ್ಲ."

ಬೆಳಿಗ್ಗೆ ಎಂಟಕ್ಕೆ ಬಂದ ಫೋನ್ ಇದು. ಮಾತಾಡಿದವರು ದಾವಣಗೆರೆಯ ಒಂದು ಕಲ್ಯಾಣ ಮಂಟಪದ ಯಜಮಾನ್ರು. ಅವರ ವೆಬ್‌ಸೈಟ್ ಮಾಡಿದ್ದು ನಾನು. ಹಾಗಾಗಿ ಬೇರೆಯವರನ್ನು ಬೈಯುವ ಅವಕಾಶ ಇರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಪುಟ ಚೆನ್ನಾಗಿಯೇ ಇತ್ತು. ಫೋನಿನಲ್ಲಿ ತೆರೆದರೆ "ಭೋಜನಶಾಲೆ" ಅನ್ನುವ ಒಂದೇ ಪದ ಮೂರು ಸಾಲಿಗೆ ಹರಿದುಹೋಗಿತ್ತು.

ಇಂಥ ತೊಂದರೆ ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟುವ ಸಾಧನ) ಬಳಸುವ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಡಿಸೆಂಬರ್ 2018ರಲ್ಲಿ ವರ್ಡ್‌ಪ್ರೆಸ್ 5.0 ಬಂತು. ಅಲ್ಲಿಂದ ಪುಟ ಕಟ್ಟುವುದು ಬ್ಲಾಕ್‌ಗಳಿಂದ. ಒಂದು ಪ್ಯಾರಾ, ಒಂದು ಫೋಟೋ, ಒಂದು ಬಟನ್, ಒಂದೊಂದೂ ಒಂದು ಬ್ಲಾಕ್. ಒಂದು ಬ್ಲಾಕಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ನಾನು ಇವನ್ನು ಡಬ್ಬಿ ಅಂತಲೇ ಕರೆಯುತ್ತೇನೆ. ಅಡುಗೆಮನೆಯಲ್ಲಿ ದೊಡ್ಡ ಸ್ಟೀಲ್ ಡಬ್ಬಿಯೊಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು ಇಡ್ತೀವಲ್ಲ, ಹಾಗೆ. ಒಳಗಿನ ಡಬ್ಬಿ ಎಷ್ಟು ದೊಡ್ಡದಿರಬಹುದು ಅನ್ನುವುದನ್ನು ಹೊರಗಿನ ಡಬ್ಬಿ ಹೇಳುತ್ತದೆ. ಅದಕ್ಕೇ ಪುಟ ಕೆಟ್ಟಂತೆ ಕಾಣುವ ಜಾಗದಲ್ಲಿ ತಪ್ಪು ಇರುವುದು ಕಡಿಮೆ. ಅದು ಒಂದೋ ಎರಡೋ ಡಬ್ಬಿ ಹೊರಗೆ ಕೂತಿರುತ್ತದೆ. ಇದನ್ನು ಮರೆತು ನಾವು ಕೆಟ್ಟ ಜಾಗದಲ್ಲೇ ಕೈಯಾಡಿಸುತ್ತೇವೆ. ಅಕ್ಷರ ಚಿಕ್ಕದು ಮಾಡ್ತೀವಿ, ಖಾಲಿ ಜಾಗ ಬಿಡುವ ಸ್ಪೇಸರ್ ತುರುಕ್ತೀವಿ, ಸರಿಹೋಗದಿದ್ದರೆ ಸುಮ್ನೆ ಇನ್ನೊಂದು ಗ್ರೂಪ್, ಅಂದರೆ ಬೇರೆ ಬ್ಲಾಕ್‌ಗಳನ್ನು ಒಟ್ಟಿಗೆ ಹಿಡಿಯುವ ಡಬ್ಬಿ, ಸುತ್ತುತ್ತೀವಿ. ಒಂದಿದ್ದ ರೋಗ ಎರಡಾಗುತ್ತದೆ.

ಮೊದಲು ಒಂದು ನಕಲು

ಜನ ನೋಡುತ್ತಿರುವ ಪುಟದ ಮೇಲೆ ನೇರವಾಗಿ ಪ್ರಯೋಗ ಮಾಡಬೇಡಿ. ಎಡಿಟರಿನ ಬಲ ಮೇಲ್ತುದಿಯಲ್ಲಿ ಮೂರು ಚುಕ್ಕಿ ಇರುತ್ತದೆ. ಅಲ್ಲಿ ಎಲ್ಲ ಬ್ಲಾಕ್‌ಗಳನ್ನು ಒಟ್ಟಿಗೆ ಕಾಪಿ ಮಾಡುವ ಆಯ್ಕೆ ಇದೆ. ಕಾಪಿ ಮಾಡಿ, ಹೊಸ ಪುಟ ತೆರೆದು ಪೇಸ್ಟ್ ಮಾಡಿ, ಡ್ರಾಫ್ಟ್ ಆಗಿ ಉಳಿಸಿ. ಎರಡು ನಿಮಿಷದ ಕೆಲಸ. ಇನ್ನು ಏನೇ ಮುರಿದರೂ ಈ ಡ್ರಾಫ್ಟಿನಲ್ಲೇ ಮುರಿಯಲಿ.

"ರಿವಿಷನ್ಸ್ ಇದೆಯಲ್ಲ, ಹಿಂದಕ್ಕೆ ಹೋದರಾಯ್ತು" ಅನ್ನುವವರಿದ್ದಾರೆ. ಹೋಗಬಹುದು. ಆದರೆ ಪುಟದ ರಿವಿಷನ್ ಆ ಪುಟದ ಒಳಗಿನದ್ದನ್ನು ಮಾತ್ರ ವಾಪಸ್ ತರುತ್ತದೆ. ಟೆಂಪ್ಲೇಟ್ (ಪುಟಗಳ ಅಚ್ಚು), ಹೆಡರ್ (ಮೇಲಿನ ಪಟ್ಟಿ), ಫುಟರ್ (ಕೆಳಗಿನ ಪಟ್ಟಿ), ಹಲವು ಪುಟಗಳಲ್ಲಿ ಹಂಚಿಕೊಂಡ ಪ್ಯಾಟರ್ನ್ (ಬ್ಲಾಕ್‌ಗಳ ಜೋಡಣೆ), ಇವೆಲ್ಲ ಬೇರೆ ಬೇರೆ ಕಡೆ ಉಳಿದಿರುತ್ತವೆ. ಅವುಗಳನ್ನು ತಿದ್ದಿದ್ದರೆ ಪುಟದ ರಿವಿಷನ್ ಏನೂ ಮಾಡಲಾರದು. ಈ ಪ್ಯಾಟರ್ನ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ನನ್ನ ಮಾನ ಒಮ್ಮೆ ಹೋಗಿದೆ.

ಡಬ್ಬಿಗಳನ್ನು ಎಣಿಸಿ

ಈಗ ಲಿಸ್ಟ್ ವ್ಯೂ ತೆರೆಯಿರಿ. ಎಡಿಟರಿನ ಎಡ ಮೇಲ್ಭಾಗದಲ್ಲಿ ಮೂರು ಗೆರೆಯ ಗುರುತು ಅದು. ಕೀಬೋರ್ಡಿನಲ್ಲಾದರೆ ಶಿಫ್ಟ್, ಆಲ್ಟ್, ಒ ಮೂರನ್ನೂ ಒಟ್ಟಿಗೆ ಒತ್ತಿ. ಎಡಕ್ಕೆ ಒಂದು ಪಟ್ಟಿ ತೆರೆಯುತ್ತದೆ. ಪುಟದಲ್ಲಿರುವ ಎಲ್ಲ ಬ್ಲಾಕ್‌ಗಳೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಎಷ್ಟು ಒಳಗೆ ಇದೆಯೋ ಅಷ್ಟು ಬಲಕ್ಕೆ ಸರಿದಿರುತ್ತದೆ.

ಮಂಟಪದ ಪುಟದಲ್ಲಿ ನಾನು ಮಾಡಿಟ್ಟಿದ್ದು ನೋಡಿ. ಹೊರಗೆ ಹಳದಿ ಬಣ್ಣಕ್ಕೆ ಒಂದು ಗ್ರೂಪ್. ಅದರೊಳಗೆ ಬಿಳಿ ಕಾರ್ಡಿಗೆ ಇನ್ನೊಂದು ಗ್ರೂಪ್. ಅದರಲ್ಲಿ ಕಾಲಮ್ಸ್, ಅಂದರೆ ಅಕ್ಕಪಕ್ಕ ಜೋಡಿಸುವ ಬ್ಲಾಕ್. ಒಂದೊಂದು ಕಾಲಮ್ಮಿನಲ್ಲೂ ಬಾರ್ಡರ್ ಹಾಕಲು ಮತ್ತೊಂದು ಗ್ರೂಪ್. ಆ ಗ್ರೂಪಿನೊಳಗೆ ಮತ್ತೆ ಕಾಲಮ್ಸ್, ಎಡಕ್ಕೆ ಫೋಟೋ, ಬಲಕ್ಕೆ ಬರಹ. "ಭೋಜನಶಾಲೆ" ಅನ್ನುವ ಪದದವರೆಗೆ ಎಣಿಸಿದರೆ ಏಳು ಸುತ್ತು. ಚಿತ್ರದುರ್ಗದ ಕೋಟೆಗೂ ಏಳೇ ಸುತ್ತು. ಆದರೆ ಅವರು ಶತ್ರುವಿಗೆ ತಲೆ ತಿರುಗಲಿ ಅಂತ ಹಾಗೆ ಕಟ್ಟಿದ್ದು. ನಮ್ಮಲ್ಲಿಗೆ ಬರುವವರು ಮದುವೆಗೆ ಹಾಲ್ ಹುಡುಕುತ್ತಿರುವವರು.

ಪಟ್ಟಿ ತೆರೆದ ಮೇಲೆ ಇನ್ನೊಂದು ಕೆಲಸ ಮಾಡಿ. ಮುಖ್ಯವಾದ ಡಬ್ಬಿಗಳಿಗೆ ಹೆಸರಿಡಿ. ಬ್ಲಾಕಿನ ಮೂರು ಚುಕ್ಕಿ ಒತ್ತಿದರೆ ರಿನೇಮ್ ಸಿಗುತ್ತದೆ. "ಗ್ರೂಪ್, ಗ್ರೂಪ್, ಗ್ರೂಪ್" ಅಂತ ಸಾಲಾಗಿ ಇದ್ದರೆ ನಾಳೆ ನಿಮಗೇ ಗೊತ್ತಾಗಲ್ಲ. "ಹಳದಿ ಹಿನ್ನೆಲೆ", "ಊಟದ ಹಾಲ್ ಕಾರ್ಡ್", "ರೂಮುಗಳು" ಅಂತ ಕನ್ನಡದಲ್ಲೇ ಇಡಬಹುದು. ಹೊರಗೆ ಯಾರಿಗೂ ಅದು ಕಾಣುವುದಿಲ್ಲ.

ಒಳಗಿಂದ ಹೊರಗೆ ಹತ್ತಿ

ಕೆಟ್ಟು ಕಾಣುವ ಪದವನ್ನೋ ಫೋಟೋವನ್ನೋ ಕ್ಲಿಕ್ ಮಾಡಿ. ಟೂಲ್‌ಬಾರಿನ ಎಡ ತುದಿಯಲ್ಲಿ ಹೊರಗಿನ ಬ್ಲಾಕನ್ನು ಆರಿಸುವ ಗುಂಡಿ ಇದೆ. ಅದನ್ನು ಒತ್ತುತ್ತಾ ಒಂದೊಂದೇ ಮೆಟ್ಟಿಲು ಹೊರಗೆ ಬನ್ನಿ. ಪ್ರತಿ ಮೆಟ್ಟಿಲಲ್ಲೂ ನಿಂತು ಬಲಗಡೆ ಸೆಟ್ಟಿಂಗ್ಸ್‌ನಲ್ಲಿ ಮೂರು ಸಂಗತಿ ನೋಡಿ: ಅಗಲ ಎಷ್ಟು, ಪ್ಯಾಡಿಂಗ್ ಎಷ್ಟು, ಒಳಗಿನವು ಅಡ್ಡಕ್ಕೆ ನಿಂತಿವೆಯೋ ಉದ್ದಕ್ಕೋ.

ಪ್ರಕಟವಾದ ಪುಟದಲ್ಲೂ ಇದನ್ನೇ ನೋಡಬೇಕು. ಕಂಪ್ಯೂಟರಿನ ಕ್ರೋಮ್‌ನಲ್ಲಿ ಪುಟ ತೆರೆದು ಕಂಟ್ರೋಲ್, ಶಿಫ್ಟ್, ಸಿ ಒತ್ತಿ. ಈಗ ಮೌಸನ್ನು ಪುಟದ ಮೇಲೆ ಆಡಿಸಿದರೆ ಡಬ್ಬಿಗಳು ಬಣ್ಣ ಬಳಿದುಕೊಂಡು ನಿಲ್ಲುತ್ತವೆ. ನೀಲಿ ಬಣ್ಣ ಒಳಗಿನ ವಸ್ತು. ಹಸಿರು ಪ್ಯಾಡಿಂಗ್, ಅಂದರೆ ಡಬ್ಬಿಯ ಗೋಡೆಗೂ ವಸ್ತುವಿಗೂ ನಡುವಿನ ಜಾಗ. ಕಿತ್ತಳೆ ಮಾರ್ಜಿನ್, ಅಂದರೆ ಡಬ್ಬಿಗೂ ಪಕ್ಕದ ಡಬ್ಬಿಗೂ ನಡುವಿನ ಜಾಗ. ಕೋಡಿಂಗ್ ಬರದವರಿಗೂ ಈ ಬಣ್ಣ ಓದಲು ಬರುತ್ತದೆ. ಹಸಿರು ಜಾಸ್ತಿ ಕಂಡ ಕಡೆ ನಿಲ್ಲಿ.

ನನಗೆ ಕಂಡಿದ್ದು ಬರೀ ಹಸಿರು. ಲೆಕ್ಕ ಹಾಕಿ ನೋಡಿ. ಯಜಮಾನ್ರ ಫೋನಿನ ಅಗಲ 360 ಪಿಕ್ಸೆಲ್. ಹಳದಿ ಗ್ರೂಪಿಗೆ ಎಡಕ್ಕೆ 30, ಬಲಕ್ಕೆ 30 ಪ್ಯಾಡಿಂಗ್. ಬಿಳಿ ಕಾರ್ಡಿಗೂ ಅಷ್ಟೇ. ಬಾರ್ಡರ್ ಗ್ರೂಪಿಗೂ ಅಷ್ಟೇ. ಮೂರು ಡಬ್ಬಿ ಸೇರಿ 180 ಪಿಕ್ಸೆಲ್ ನುಂಗಿದವು. ಉಳಿದದ್ದು 180. ಅದರಲ್ಲಿ ಫೋಟೋ ಮತ್ತು ಬರಹ ಅಕ್ಕಪಕ್ಕವೇ ಇರಲಿ ಅಂತ ನಾನೇ ಹಟ ಹಿಡಿದಿದ್ದೆ. ನಡುವಿನ ಸಂದು 20 ಹೋದರೆ ಒಂದೊಂದಕ್ಕೆ 80 ಪಿಕ್ಸೆಲ್. ಎಂಬತ್ತರಲ್ಲಿ "ಭೋಜನಶಾಲೆ" ಹಿಡಿಸುತ್ತದಾ? ವರ್ಡ್‌ಪ್ರೆಸ್ಸಿನ ಕಾಲಮ್, ಪದ ಹಿಡಿಸದಿದ್ದರೆ ನಡುವೆ ಮುರಿದು ಕೆಳಗಿನ ಸಾಲಿಗೆ ಹಾಕುತ್ತದೆ. ತಪ್ಪು ಅಕ್ಷರದ್ದಲ್ಲ, ಹೊರಗಿನ ಮೂರು ಡಬ್ಬಿಗಳ ಪ್ಯಾಡಿಂಗಿನದು.

ಪರಿಹಾರ: ಒಂದು ಡಬ್ಬಿಗೆ ಮಾತ್ರ ಅಡ್ಡ ಪ್ಯಾಡಿಂಗ್ ಇರಲಿ. ಮಿಕ್ಕವಕ್ಕೆ ಸೊನ್ನೆ. ಅದಕ್ಕಿಂತ ಒಳ್ಳೆಯದು, ಬೇಡದ ಡಬ್ಬಿಯನ್ನೇ ತೆಗೆಯುವುದು. ಹಳದಿ ಬಣ್ಣ, ಬಾರ್ಡರ್, ಪ್ಯಾಡಿಂಗ್ ಮೂರನ್ನೂ ಒಂದೇ ಗ್ರೂಪ್ ಹೊರಬಲ್ಲದು. ಬೇಡದ ಗ್ರೂಪನ್ನು ಆರಿಸಿ, ಮೂರು ಚುಕ್ಕಿ ಒತ್ತಿ, ಅನ್‌ಗ್ರೂಪ್ ಮಾಡಿ. ಒಳಗಿನದ್ದು ಹಾಗೇ ಉಳಿದು ಸುತ್ತಿನ ಡಬ್ಬಿ ಮಾತ್ರ ಹೋಗುತ್ತದೆ. ಡಿಲೀಟ್ ಒತ್ತಿದರೆ ಒಳಗಿನದ್ದೂ ಹೋಗುತ್ತದೆ, ಎಚ್ಚರ. ಏಳು ಸುತ್ತನ್ನು ನಾನು ಮೂರಕ್ಕೆ ಇಳಿಸಿದೆ. ಪುಟ ಮೊದಲಿಗಿಂತ ಚೆನ್ನಾಗಿಯೇ ಕಂಡಿತು.

ಕಾಲಮ್ಮುಗಳ ಹಟ

ಕಾಲಮ್ಸ್ ಬ್ಲಾಕಿನ ಸೆಟ್ಟಿಂಗ್ಸ್‌ನಲ್ಲಿ "ಸ್ಟ್ಯಾಕ್ ಆನ್ ಮೊಬೈಲ್" ಅನ್ನುವ ಸ್ವಿಚ್ಚಿದೆ. ಆನ್ ಇದ್ದರೆ ಚಿಕ್ಕ ಪರದೆಯಲ್ಲಿ ಕಾಲಮ್ಮುಗಳು ಒಂದರ ಕೆಳಗೊಂದು ಬರುತ್ತವೆ. ಆಫ್ ಇದ್ದರೆ ಪರದೆ ಎಷ್ಟೇ ಚಿಕ್ಕದಾದರೂ ಅಕ್ಕಪಕ್ಕವೇ ಇರುತ್ತವೆ. ನಾನು ಆಫ್ ಮಾಡಿದ್ದೆ. ಒಳಗಿನದ್ದನ್ನು ಅಡ್ಡ ಸಾಲಿನಲ್ಲಿ ಇಡುವ ರೋ ಬ್ಲಾಕ್ ಬಳಸಿದ್ದರೆ ಅಲ್ಲಿ ಆ ಸ್ಟ್ಯಾಕ್ ಸ್ವಿಚ್ ಇಲ್ಲ, ಜಾಗ ಸಾಲದಿದ್ದರೆ ಮುಂದಿನ ಸಾಲಿಗೆ ಇಳಿಯಲು ಬಿಡುವ ಸ್ವಿಚ್ಚಿದೆ. ಅದನ್ನು ಆನ್ ಮಾಡಿ.

ಇಷ್ಟು ಎಲ್ಲರಿಗೂ ಗೊತ್ತು. ಜನ ಎಡವುವುದು ಮುಂದಿನದರಲ್ಲಿ. ಕಾಲಮ್ಸ್ ಬ್ಲಾಕ್ ನೋಡುವುದು ಪರದೆಯ ಅಗಲವನ್ನು, ತಾನು ಕೂತ ಡಬ್ಬಿಯ ಅಗಲವನ್ನಲ್ಲ. ಪರದೆ 781 ಪಿಕ್ಸೆಲ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೆಳಗೆ ಇಳಿಯುತ್ತದೆ. 782 ಆಯಿತೋ, ಅಕ್ಕಪಕ್ಕ ನಿಲ್ಲುತ್ತದೆ. ಈಗ ಕಾಲಮ್ಸ್ ಒಳಗೆ ಕಾಲಮ್ಸ್ ಇಟ್ಟಿದ್ದೀರಿ ಅಂದುಕೊಳ್ಳಿ. ಲ್ಯಾಪ್‌ಟಾಪಿನ ಪರದೆ 1200 ಇದೆ. ಹೊರಗೆ ನಾಲ್ಕು ಕಾಲಮ್. ಒಂದೊಂದಕ್ಕೆ 300ಕ್ಕಿಂತ ಕಡಿಮೆ ಸಿಕ್ಕಿತು. ಒಳಗಿನ ಕಾಲಮ್ಸ್ "ಪರದೆ 1200 ಇದೆಯಲ್ಲ, ಜಾಗ ಬೇಕಾದಷ್ಟಿದೆ" ಅಂತ ನಂಬಿ ಆ 300ರಲ್ಲೇ ಎರಡು ಪಾಲಾಗುತ್ತದೆ. ಮನೆ ದೊಡ್ಡದು ಅಂತ ಕಪಾಟಿನೊಳಗೆ ಮಂಚ ಹಾಕಿದ ಹಾಗೆ.

ಹಾಗಾಗಿ ಫೋನಿಗಿಂತ ಟ್ಯಾಬ್ಲೆಟ್ಟಿನಲ್ಲಿ, ಚಿಕ್ಕ ಲ್ಯಾಪ್‌ಟಾಪಿನಲ್ಲಿ ಪುಟ ಹೆಚ್ಚು ಕೆಡುವುದುಂಟು. ಯಾರೂ ಅಲ್ಲಿ ಪರೀಕ್ಷೆ ಮಾಡಿರುವುದಿಲ್ಲ ಅಷ್ಟೇ.

ಇದಕ್ಕೆ ನನ್ನ ಸಲಹೆ ಒಂದೇ: ಕಾಲಮ್ಸ್ ಒಳಗೆ ಕಾಲಮ್ಸ್ ಬೇಡ. ಒಳಗೆ ಅಕ್ಕಪಕ್ಕ ಏನಾದರೂ ಬೇಕೇಬೇಕು ಅಂದರೆ ಗ್ರಿಡ್ ಬಳಸಿ. ಅದು ಗ್ರೂಪ್ ಬ್ಲಾಕಿನದೇ ಒಂದು ರೂಪ. 2024ರ ಜುಲೈನಲ್ಲಿ ಬಂದ 6.6ನೇ ಆವೃತ್ತಿಯಿಂದ ಇದೆ. ಅದರಲ್ಲಿ ಆಟೋ ಆರಿಸಿ, ಒಂದು ಕಾಲಮ್ಮಿಗೆ ಕಡಿಮೆ ಅಂದರೂ ಎಷ್ಟು ಅಗಲ ಬೇಕು ಅಂತ ಹೇಳಿ. ತಾನಿರುವ ಡಬ್ಬಿಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟನ್ನೇ ಅದು ಅಕ್ಕಪಕ್ಕ ಇಡುತ್ತದೆ, ಮಿಕ್ಕದ್ದನ್ನು ಕೆಳಗಿನ ಸಾಲಿಗೆ ಹಾಕುತ್ತದೆ. ಮಂಟಪದ ರೂಮುಗಳ ಫೋಟೋಗಳನ್ನು ನಾನು ಹೀಗೇ ಜೋಡಿಸಿದೆ.

ಪುಟ ಅಡ್ಡಡ್ಡ ಜಾರಿದರೆ

ಫೋನಿನಲ್ಲಿ ಪುಟವನ್ನು ಎಡಕ್ಕೆ ಎಳೆದರೆ ಬಲಗಡೆ ಬಿಳಿ ಪಟ್ಟಿ ಕಾಣುತ್ತದಾ? ಯಾವುದೋ ಒಂದು ವಸ್ತು ಡಬ್ಬಿ ಮೀರಿ ಹೊರಗೆ ಚಾಚಿದೆ ಅಂತ ಅರ್ಥ. ನನ್ನ ಅನುಭವದಲ್ಲಿ ಕಳ್ಳರು ಮೂವರು.

ಮೊದಲನೆಯದು ಗೂಗಲ್ ಮ್ಯಾಪ್. ಹರಿಹರದಿಂದ, ಜಗಳೂರಿನಿಂದ ಬರುವ ನೆಂಟರಿಗೆ ದಾರಿ ಗೊತ್ತಾಗಲಿ ಅಂತ ಎಲ್ಲರೂ ಮ್ಯಾಪ್ ಹಾಕಿಸುತ್ತಾರೆ. ಗೂಗಲ್ ಕೊಡುವ ಎಂಬೆಡ್ ಕೋಡಿನಲ್ಲಿ ಅಗಲ 600 ಅಂತ ಬರೆದೇ ಬರುತ್ತದೆ. ಫೋನು 360. ಥೀಮ್ (ಇಡೀ ಸೈಟಿನ ವಿನ್ಯಾಸ) ಅದನ್ನು ತಡೆಯದಿದ್ದರೆ ಮಿಕ್ಕ 240 ಹೊರಗೆ. ಕಸ್ಟಮ್ ಎಚ್‌ಟಿಎಂಎಲ್ ಬ್ಲಾಕಿನಲ್ಲಿ ಆ 600 ಇರುವ ಕಡೆ 100 ಬರೆದು ಪಕ್ಕದಲ್ಲಿ ಶೇಕಡಾ ಚಿಹ್ನೆ ಹಾಕಿ, ಮುಗೀತು.

ಎರಡನೆಯದು ದರಪಟ್ಟಿಯ ಟೇಬಲ್. ಐದು ಕಾಲಮ್ಮಿನ ಟೇಬಲ್ ಫೋನಿನಲ್ಲಿ ಯಾವತ್ತೂ ಚೆನ್ನಾಗಿ ಕಾಣಲ್ಲ. ಅದನ್ನು ಎರಡು ಕಾಲಮ್ಮಿನ ಎರಡು ಮೂರು ಟೇಬಲ್ ಮಾಡಿ. ಮೂರನೆಯದು ಬರಹದ ನಡುವೆ ಹಾಗೇ ಪೇಸ್ಟ್ ಮಾಡಿದ ಉದ್ದನೆ ಲಿಂಕ್.

ಹುಡುಕಲು ಸುಲಭದ ದಾರಿ: ಡ್ರಾಫ್ಟಿನಲ್ಲಿ ಪುಟದ ಕೆಳಗಿನ ಅರ್ಧ ಅಳಿಸಿ ನೋಡಿ. ಜಾರುವುದು ನಿಂತರೆ ಕಳ್ಳ ಆ ಅರ್ಧದಲ್ಲಿದ್ದಾನೆ. ವಾಪಸ್ ತಂದು, ಅದರಲ್ಲಿ ಅರ್ಧ ಅಳಿಸಿ. ನಾಲ್ಕೈದು ಸಲಕ್ಕೆ ಸಿಕ್ಕಿಬೀಳುತ್ತಾನೆ. ಪೂರ್ತಿ ಅಳಿಸಿದರೂ ಜಾರುತ್ತಲೇ ಇದ್ದರೆ ತಪ್ಪು ಪುಟದಲ್ಲಿಲ್ಲ, ಹೆಡರ್, ಫುಟರ್ ಅಥವಾ ಟೆಂಪ್ಲೇಟಿನಲ್ಲಿದೆ.

ಅಗಲ ಆಗಲು ಒಲ್ಲೆ ಅನ್ನುವ ಫೋಟೋ

ಇದು ಮೇಲಿನದಕ್ಕೆ ತದ್ವಿರುದ್ಧ. ಮಂಟಪದ ಮುಂಭಾಗದ ಫೋಟೋ ಈ ತುದಿಯಿಂದ ಆ ತುದಿವರೆಗೆ ಬರಲಿ ಅಂತ ಫುಲ್ ವಿಡ್ತ್ ಕೊಟ್ಟಿರುತ್ತೀರಿ. ಅದು ನಡುವೆಯೇ ನಿಂತಿರುತ್ತದೆ. ಕೆಲವೊಮ್ಮೆ ಫುಲ್ ವಿಡ್ತ್ ಆಯ್ಕೆಯೇ ಕಾಣುವುದಿಲ್ಲ. ಮತ್ತೆ ಹೊರಗಿನ ಡಬ್ಬಿ ನೋಡಿ. ಫೋಟೋ ಇರುವ ಗ್ರೂಪೇ ನಡುವಿನ ಅಗಲಕ್ಕೆ ಕಟ್ಟಿಹೋಗಿದ್ದರೆ, ಒಳಗಿನದ್ದು ಎಷ್ಟು ಚಾಚಿದರೂ ಆ ಗ್ರೂಪಿನ ಗೋಡೆವರೆಗೆ ಮಾತ್ರ. ಮೊದಲು ಗ್ರೂಪಿಗೆ ಫುಲ್ ವಿಡ್ತ್ ಕೊಡಿ. ಆಮೇಲೆ ಅದರ ಲೇಔಟ್ ಸೆಟ್ಟಿಂಗ್‌ನಲ್ಲಿ ಒಳಗಿನ ಬ್ಲಾಕ್‌ಗಳು ಕಂಟೆಂಟ್ ವಿಡ್ತ್ ಬಳಸಲಿ ಅನ್ನುವ ಸ್ವಿಚ್ ಆನ್ ಮಾಡಿ. ಆಗ ಬರಹ ನಡುವೆ ನಿಲ್ಲುತ್ತದೆ, ಫೋಟೋಗೆ ಮಾತ್ರ ಫುಲ್ ವಿಡ್ತ್ ಕೊಡಬಹುದು.

ಎಡಿಟರಿನಲ್ಲಿ ಸರಿ, ಹೊರಗೆ ಕೆಟ್ಟದ್ದು

ಒಳಗೆ ನೋಡಿದರೆ ಎಲ್ಲ ಸರಿಯಾಗಿದೆ. ಪ್ರಕಟವಾದ ಪುಟದಲ್ಲಿ ಫುಟರ್ ಬಂದು ಪಕ್ಕದಲ್ಲಿ ಕೂತಿದೆ, ಹಳದಿ ಬಣ್ಣ ಅರ್ಧಕ್ಕೇ ನಿಂತಿದೆ. ಹೀಗಾದರೆ ನಾನು ಮೊದಲು ಕ್ಯಾಶ್, ಅಂದರೆ ಬೇಗ ತೆರೆಯಲಿ ಅಂತ ಉಳಿಸಿಟ್ಟ ಪುಟದ ಹಳೇ ಪ್ರತಿ, ಖಾಲಿ ಮಾಡುತ್ತೇನೆ. ಅದಕ್ಕೂ ಸರಿಹೋಗದಿದ್ದರೆ ನೇರ ಕಸ್ಟಮ್ ಎಚ್‌ಟಿಎಂಎಲ್ ಬ್ಲಾಕಿಗೆ ಹೋಗುತ್ತೇನೆ. ಎಲ್ಲಿಂದಲೋ ತಂದು ಅಂಟಿಸಿದ ಕೋಡಿನಲ್ಲಿ ಡಿವ್ ಅನ್ನುವ ಟ್ಯಾಗು (ಕೋಡಿನಲ್ಲಿ ಡಬ್ಬಿಯ ಗುರುತು) ಎಷ್ಟು ಸಲ ತೆರೆದಿದೆ, ಎಷ್ಟು ಸಲ ಮುಚ್ಚಿದೆ ಎಣಿಸಿ. ಒಂದು ಮುಚ್ಚುವ ಟ್ಯಾಗು ಹೆಚ್ಚಿದ್ದರೆ ಅದು ತನ್ನದಲ್ಲದ ಹೊರಗಿನ ಡಬ್ಬಿಯನ್ನು ಮುಚ್ಚಿಬಿಡುತ್ತದೆ. ಎಡಿಟರ್ ಪ್ರತಿ ಬ್ಲಾಕನ್ನೂ ಬೇರೆ ಬೇರೆಯಾಗಿ ತೋರಿಸುವುದರಿಂದ ಅಲ್ಲಿ ಇದು ಗೊತ್ತಾಗಲ್ಲ.

ಇನ್ನು ಬ್ಲಾಕಿನಲ್ಲಿ ಅನಿರೀಕ್ಷಿತ ವಿಷಯ ಇದೆ, ರಿಕವರಿ ಮಾಡಲಾ ಅಂತ ಎಡಿಟರೇ ಕೇಳಿದರೆ, ಯಾರೋ ಕೋಡ್ ಎಡಿಟರಿನಲ್ಲಿ ಕೈಯಾಡಿಸಿದ್ದಾರೆ ಅಥವಾ ಪ್ಲಗಿನ್ (ಸೈಟಿಗೆ ಸೇರಿಸಿದ ಹೆಚ್ಚುವರಿ ಸಾಧನ) ಬದಲಾಗಿದೆ. ರಿಕವರಿ ಒತ್ತಬಹುದು. ಒತ್ತಿದ ಮೇಲೆ ಒಳಗಿನ ಬರಹ ಪೂರ್ತಿ ಇದೆಯಾ ಓದಿ ನೋಡಿ, ಆಮೇಲೆ ಸೇವ್ ಮಾಡಿ.

ನನ್ನ ಮಾನ ಹೋದ ಪ್ಯಾಟರ್ನ್

ಬಾಡಿಗೆ ವಿವರದ ಚೌಕಟ್ಟನ್ನು ಒಮ್ಮೆ ಮಾಡಿ ಮೂರು ಪುಟಗಳಲ್ಲಿ ಬಳಸಿದ್ದೆ. ಸಿಂಕ್ ಆದ ಪ್ಯಾಟರ್ನ್ ಅದು, ಅಂದರೆ ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ಬದಲಾಗುತ್ತದೆ. ಹಿಂದೆ ರೀಯೂಸಬಲ್ ಬ್ಲಾಕ್ ಅಂತಿದ್ದದ್ದು, 2023ರಲ್ಲಿ 6.3 ಬಂದಾಗ ಪ್ಯಾಟರ್ನ್ ಆಯಿತು. ಚಿಕ್ಕ ಹಾಲಿನ ಪುಟದಲ್ಲಿ ಜಾಗ ಸಾಲದು ಅಂತ ಅದರಲ್ಲಿದ್ದ ಒಂದು ಕಾಲಮ್ ತೆಗೆದೆ. ದೊಡ್ಡ ಹಾಲಿನ ಪುಟದಲ್ಲಿ ಡೆಪಾಸಿಟ್ ಮೊತ್ತವೇ ಮಾಯ. ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ, ವೈಶಾಖದ ಬುಕಿಂಗ್ ಸಮಯ ಬೇರೆ. ಲಿಸ್ಟ್ ವ್ಯೂನಲ್ಲಿ ಇಂಥ ಬ್ಲಾಕು ನೇರಳೆ ಬಣ್ಣದಲ್ಲಿ ಕಾಣುತ್ತದೆ. ಒಂದೇ ಪುಟದಲ್ಲಿ ಬದಲಾಗಬೇಕು ಅಂದರೆ ಮೊದಲು ಡಿಟ್ಯಾಚ್ ಮಾಡಿ ಆ ನಂಟು ಬಿಡಿಸಿ, ಆಮೇಲೆ ಮುಟ್ಟಿ.

ಕನ್ನಡಕ್ಕೇ ಅಂತ ಒಂದೆರಡು ಮಾತು

ಥೀಮ್ ಮಾಡುವವರು ಹೆಚ್ಚಾಗಿ ಇಂಗ್ಲಿಷ್ ಅಕ್ಷರ ಇಟ್ಟು ಅಳತೆ ಮಾಡಿರುತ್ತಾರೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇರುತ್ತದೆ. ಸಾಲಿನ ಎತ್ತರ 1.2 ಇದ್ದರೆ "ವ್ಯವಸ್ಥೆ"ಯ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ನಾನು 1.6ಕ್ಕೆ ಇಡುತ್ತೇನೆ, ಶೀರ್ಷಿಕೆಗೆ 1.4. ಬಟನ್ನಿಗೆ, ಕಾರ್ಡಿಗೆ ಇಷ್ಟೇ ಎತ್ತರ ಅಂತ ಅಂಕಿ ಕೊಟ್ಟಿದ್ದರೆ ತೆಗೆಯಿರಿ, ಒತ್ತಿನ ಬಾಲ ಕತ್ತರಿಸಿಹೋಗುತ್ತದೆ. ನಮ್ಮ ಪದಗಳೂ ಉದ್ದ. "ವಾಹನ ನಿಲುಗಡೆ ವ್ಯವಸ್ಥೆಯೊಂದಿಗೆ" ಅನ್ನುವುದಕ್ಕಿಂತ "ಪಾರ್ಕಿಂಗ್ ಇದೆ" ಅಂದರೆ ಅರ್ಧ ಲೇಔಟ್ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಬರಹವನ್ನು ವರ್ಡ್ ಫೈಲಿನಿಂದ ತರುವಾಗ ಕಂಟ್ರೋಲ್, ಶಿಫ್ಟ್, ವಿ ಒತ್ತಿ ಪೇಸ್ಟ್ ಮಾಡಿ. ಬರೀ ಅಕ್ಷರ ಬರುತ್ತದೆ, ಅಲ್ಲಿನ ವೇಷ ಬರುವುದಿಲ್ಲ. ಡಿಟಿಪಿ ಅಂಗಡಿಯಿಂದ ಬಂದ ಹಳೇ ನುಡಿ ಫಾಂಟಿನ ಬರಹವಾದರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಪುಟದ ತುಂಬ ಅರ್ಥವಾಗದ ಗುರುತುಗಳೇ.

ಬೇರೆ ಸಾಧನ ಬಳಸುವವರಿಗೆ

ವರ್ಡ್‌ಪ್ರೆಸ್ಸಿಗೆ ಸೇರಿಸುವ ಪುಟ ಕಟ್ಟುವ ಸಾಧನ ಎಲಿಮೆಂಟರ್‌ನ ಹಳೇ ಪುಟಗಳಲ್ಲಿ ಸೆಕ್ಷನ್, ಕಾಲಮ್, ಇನ್ನರ್ ಸೆಕ್ಷನ್ ಅಂತ ಇರುತ್ತದೆ. ಇನ್ನರ್ ಸೆಕ್ಷನ್ ಒಳಗೆ ಮತ್ತೊಂದು ಇನ್ನರ್ ಸೆಕ್ಷನ್ ಹೋಗುವುದಿಲ್ಲ, ಗುದ್ದಾಡಬೇಡಿ. ಹೊಸ ಕಂಟೇನರ್‌ಗಳು ಎಷ್ಟು ಬೇಕಾದರೂ ಒಳಗೆ ಹೋಗುತ್ತವೆ, ಅದೇ ಅದರ ಅಪಾಯ ಕೂಡ. ವರ್ಡ್‌ಪ್ರೆಸ್ಸಿನಂಥದೇ ಇನ್ನೊಂದು ಸಾಧನ ದ್ರುಪಾಲ್‌ನ ಲೇಔಟ್ ಬಿಲ್ಡರ್ ತಾನಾಗಿ ಸೆಕ್ಷನ್ ಒಳಗೆ ಸೆಕ್ಷನ್ ಇಡಲು ಬಿಡುವುದಿಲ್ಲ. ಬೇಸರ ಆಗುತ್ತದೆ, ಆದರೆ ನನಗೆ ಕೇಳಿದರೆ ಅದು ಒಳ್ಳೆಯದೇ. ಒಳಗಿಂದ ಹೊರಗೆ ಹತ್ತುವ ದಾರಿ ಎಲ್ಲ ಕಡೆಯೂ ಒಂದೇ.

ಕೊನೆಗೆ ಪರೀಕ್ಷೆ

ಕ್ರೋಮ್‌ನಲ್ಲಿ ಎಫ್ 12 ಒತ್ತಿ, ಆಮೇಲೆ ಕಂಟ್ರೋಲ್, ಶಿಫ್ಟ್, ಎಂ. ಪರದೆಯ ಅಗಲವನ್ನು ನೀವೇ ಬರೆಯಬಹುದು. 360, 781, 782, 1200 ನಾಲ್ಕರಲ್ಲೂ ನೋಡಿ. ನಡುವಿನ ಎರಡು ಅಂಕಿ ಯಾಕೆ ಅಂತ ಈಗ ಗೊತ್ತಲ್ವಾ? ಡ್ರಾಫ್ಟಿನಲ್ಲಿ ಸರಿಯಾದ ಮೇಲೆ ಅಲ್ಲಿಂದ ಎಲ್ಲ ಬ್ಲಾಕ್ ಕಾಪಿ ಮಾಡಿ ಮೂಲ ಪುಟಕ್ಕೆ ಹಾಕಿ, ಕ್ಯಾಶ್ ಖಾಲಿ ಮಾಡಿ, ಲಾಗೌಟ್ ಆಗಿ ನೋಡಿ. ನಿಮ್ಮ ಒಳ್ಳೆಯ ಫೋನಿನಲ್ಲಿ ಅಲ್ಲ. ಮನೆಯಲ್ಲಿ ಯಾರ ಹತ್ತಿರ ಹಳೇ ಫೋನ್ ಇದೆಯೋ ಅವರ ಕೈಲಿ ತೆರೆಸಿ. ಅಕ್ಷರದ ಗಾತ್ರ ದೊಡ್ಡದು ಮಾಡಿಟ್ಟುಕೊಂಡ ಹಿರಿಯರಿದ್ದರೆ ಇನ್ನೂ ಒಳ್ಳೆಯದು.

ನಾನು ಸಂಜೆ ಮಂಟಪಕ್ಕೇ ಹೋಗಿ ಯಜಮಾನ್ರ ಫೋನಿನಲ್ಲೇ ತೆರೆಸಿದೆ. "ಭೋಜನಶಾಲೆ" ಒಂದೇ ಸಾಲಿನಲ್ಲಿ ನಿಂತಿತ್ತು. ಅವರು ಒಮ್ಮೆ ಮೇಲೆ ಕೆಳಗೆ ಎಳೆದು ನೋಡಿ, "ಈಗ ಓದಾಕ ಬರ್ತೈತೆ ಬಿಡ್ರಿ. ಆದ್ರೆ ಹಳದಿ ಸ್ವಲ್ಪ ಜಾಸ್ತಿ ಆಯ್ತೇನೋ" ಅಂದರು.